ಬಿಟ್ಟ 13 ಗೋಲುಗಳ ಪುಸ್ತಕ

2025ರ ಸೀಸನ್ ಮುಗಿಯಿತು. ನಮ್ಮ ಕಾಲೇಜು ಫುಟ್‌ಬಾಲ್ ತಂಡ ಆಡಿದ್ದು 9 ಪಂದ್ಯ. 4 ಗೆದ್ದೆವು, 3 ಸೋತೆವು, 2 ಸಮ. ಹೊಡೆದದ್ದು 12 ಗೋಲು, ಬಿಟ್ಟದ್ದು 13. ಆ ಎರಡು ಸಮದಲ್ಲಿ ಒಂದನ್ನು ಕೊನೆಗೆ ಪೆನಲ್ಟಿ ಒದ್ದು ತೀರ್ಮಾನಿಸುವ ಶೂಟೌಟಿನಲ್ಲಿ ಕಳೆದುಕೊಂಡೆವು. ಅದನ್ನೂ ‘ಸಮ’ ಎಂದೇ ಬರೆಯಬೇಕೆಂದು ಕ್ಯಾಪ್ಟನ್ ಹಟ ಹಿಡಿದದ್ದರಿಂದ ಹಾಗೆ ಬರೆದಿದ್ದೇನೆ.

ನಾನು ಎರಡನೇ ಕೀಪರ್. ಹಾಗೆಂದರೆ ಎಂತ ಎಂದು ಗೊತ್ತಿಲ್ಲದವರಿಗೆ: ಬಸ್ಸಿನಲ್ಲಿ ಬಾಲಿನ ಚೀಲ ಮಡಿಲಲ್ಲಿಟ್ಟು ಕೂರುವವ, ವಾರ್ಮ್‌ಅಪ್‌ನಲ್ಲಿ ಎಲ್ಲರ ಶಾಟ್ ತಿನ್ನುವವ, ಪಂದ್ಯ ಶುರುವಾದ ಮೇಲೆ ಕೊಡೆ ಹಿಡಿಯುವವ. ಬೆಂಚಿನ ಬೇರೆಯವರಿಗೆ ಕೊನೆಯ ಹತ್ತು ನಿಮಿಷಕ್ಕಾದರೂ ಇಳಿಯುವ ಆಸೆ ಉಂಟು. ನನ್ನ ಸರದಿ ಬರಬೇಕಾದರೆ ಮೊದಲನೇ ಕೀಪರ್‌ಗೆ ಏನಾದರೂ ಆಗಬೇಕು. ಅವನು ಹಾಸ್ಟೆಲಿನಲ್ಲಿ ನನ್ನ ರೂಮಿನವನೇ, ಹಾಗೆಲ್ಲ ಬಯಸಲಿಕ್ಕೆ ಆಗುವುದಿಲ್ಲ. ಸುಮ್ಮನೆ ಕೂತು ಬೇಜಾರಾಗಿ ಜುಲೈಯಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಪ್ಲಾಸ್ಟಿಕ್ ತೊಟ್ಟೆಯೊಳಗೆ ನೋಟ್‌ಬುಕ್, ಮಳೆಗೆ ಕಲಸಿಹೋಗದಿರಲಿ ಎಂದು ಪೆನ್ನಿನ ಬದಲು ಪೆನ್ಸಿಲ್. ಕೀಪರ್ ಬುದ್ಧಿ ನೋಡಿ, ನಾವು ಬಿಟ್ಟ ಗೋಲು ಮಾತ್ರ ಬರೆದೆ.

ಜೂನ್, ಜುಲೈ

ಈ ಸಲ ಮಳೆ ಮೇ ಕೊನೆಯ ವಾರಕ್ಕೇ ಹಿಡಿದಿತ್ತು. ಕಾಲೇಜು ತೆರೆಯುವಾಗ ನಮ್ಮ ಗ್ರೌಂಡ್ ಗ್ರೌಂಡಾಗಿ ಉಳಿದಿರಲಿಲ್ಲ. ಮುರಕಲ್ಲಿನ ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗ ಅದು. ಬೇಸಿಗೆಯಲ್ಲಿ ಬಿದ್ದರೆ ಮೊಣಕಾಲನ್ನು ತುರಿಮಣೆಗೆ ಕೊಟ್ಟ ಹಾಗೆ, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ಕೆಂಪು ಕೆಸರು. ಟ್ರಯಲ್ಸ್‌ಗೆ ನಲವತ್ತಕ್ಕೂ ಹೆಚ್ಚು ಹುಡುಗರು ಬಂದರು, ಎರಡನೇ ದಿನಕ್ಕೆ ಇಪ್ಪತ್ತೈದು. ಉಳಿದವರನ್ನು ಪಿ.ಇ. (ದೈಹಿಕ ಶಿಕ್ಷಣ) ಸರ್ ತೆಗೆಯಬೇಕಾಗಲಿಲ್ಲ, ಮಳೆಯೇ ತೆಗೆಯಿತು.

ಆಗ ಮಾಡಿದ ಒಂದು ಅಧಿಕಪ್ರಸಂಗ ಇಲ್ಲಿ ಹೇಳಿಬಿಡುತ್ತೇನೆ. ನಿಯಮದ ಪ್ರಕಾರ ಪಂದ್ಯ ಶುರುವಾಗುವಾಗ ಬಾಲ್ 410ರಿಂದ 450 ಗ್ರಾಂ ಇರಬೇಕು. ನಮ್ಮ ಹಳೆಯ ಹೊಲಿದ ಬಾಲ್ ಒಂದು ಗಂಟೆ ಕೆಸರಲ್ಲಿ ಉರುಳಿದ ಮೇಲೆ ಹೆಡ್ ಮಾಡಿದವರು ತಲೆ ಹಿಡಿದುಕೊಂಡು ಕೂರುತ್ತಿದ್ದರು. ಗೇಟಿನ ಎದುರಿನ ದಿನಸಿ ಅಂಗಡಿಗೆ ಒಯ್ದು ತಕ್ಕಡಿಯ ಮೇಲಿಟ್ಟೆ. 520 ಗ್ರಾಂ! ಅಂಗಡಿಯವರು ಕನ್ನಡಕ ಮೇಲೆ ಮಾಡಿ, “ಅರ್ಧ ಕಿಲೋ ಮೇಲೆ ಉಂಟು, ಬಿಲ್ ಮಾಡುದಾ?” ಎಂದರು. ಆ ಬಾಲನ್ನು ಬೇಸಿಗೆಗೆ ಎತ್ತಿಟ್ಟು ಮಳೆಗೆ ರಬ್ಬರಿನದ್ದು ಹಿಡಿದೆವು. ಅದು ನೀರು ಕುಡಿಯುವುದಿಲ್ಲ, ಆದರೆ ನೆಗೆಯುವ ಕ್ರಮವೇ ಬೇರೆ. ಕೀಪರ್‌ಗಳಿಬ್ಬರಿಗೂ ಅದರ ಮೇಲೆ ಇವತ್ತಿಗೂ ಸಿಟ್ಟು.

ಗ್ಲೌಸಿನ ಕಥೆಯೂ ಅಷ್ಟೆ. ಅಂಗೈಯ ಲೇಟೆಕ್ಸ್ ಸ್ವಲ್ಪ ಒದ್ದೆಯಿದ್ದರೆ ಹಿಡಿತ ಚೆಂದ, ತೊಳೆದು ನೆರಳಲ್ಲಿ ಒಣಗಿಸಬೇಕು. ಜುಲೈಯ ಮಂಗಳೂರಿನಲ್ಲಿ ನೆರಳಿಗೆ ಬರ ಇಲ್ಲ, ಒಣಗುವುದು ಮಾತ್ರ ಇಲ್ಲ. ಮೂರನೇ ದಿನ ರೂಮಿನಲ್ಲಿ ಒಣಮೀನಿನ ಅಂಗಡಿಯ ವಾಸನೆ.

ಮೊದಲ ಅಭ್ಯಾಸ ಪಂದ್ಯ ಉಳ್ಳಾಲದ ಹುಡುಗರೊಟ್ಟಿಗೆ. 1–4. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಇಷ್ಟೇ: “ಥ್ರೋ. ಲಾಂಗ್ ಬಾಲ್. ಪೆನಲ್ಟಿ. ಥ್ರೋ.” ಒಂದೊಂದು ಗೋಲು ಎಲ್ಲಿಂದ ಹುಟ್ಟಿತು ಎಂಬ ಲೆಕ್ಕ ಅದು; ಥ್ರೋ ಎಂದರೆ ಬದಿಯ ಗೆರೆ ದಾಟಿದ ಬಾಲನ್ನು ಕೈಯಿಂದ ಒಳಗೆ ಎಸೆಯುವುದು. ಎರಡನೆಯದು ಇನ್ನೊಂದು ಕಾಲೇಜಿನ ಎದುರು, 2–2: “ಕಾರ್ನರ್. ಥ್ರೋ.” ಬರೆದವನಿಗೇ ಏನೂ ಹೊಳೆಯಲಿಲ್ಲ. ಮೂಲೆಯಿಂದ ಒದ್ದ ಆ ಕಾರ್ನರ್ ಗೋಲು ನೋಡಲಿಕ್ಕೆ ಜೋರಿತ್ತು, ಹೆಡ್ ಮಾಡಿದವ ಗೋಲಿನ ಎದುರು ಕಾಯುವ ನಮ್ಮ ಸ್ಟಾಪರ್‌ನ ಹೆಗಲ ಮೇಲೆಯೇ ಹತ್ತಿದ್ದ. ಮುಂದಿನ ಮೂರು ವಾರ ನಾವು ಅಭ್ಯಾಸ ಮಾಡಿದ್ದು ಬರೀ ಕಾರ್ನರ್.

ಆಗಸ್ಟ್

ಸ್ವಾತಂತ್ರ್ಯೋತ್ಸವದ ಹೊತ್ತಿನ ಟೂರ್ನಮೆಂಟ್, ನೆಹರೂ ಮೈದಾನದಲ್ಲಿ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದು ನಡೆದು ಹೋಗುವಾಗಲೇ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಊರಿನ ಫುಟ್‌ಬಾಲ್ ನೋಡುವವರೆಲ್ಲ ಒಮ್ಮೆಯಾದರೂ ಕೂತ ಗ್ಯಾಲರಿ ಅದು. ಆಫೀಸಿನಿಂದ ಮನೆಗೆ ಹೊರಟವರು ಕೊಡೆ ಹಿಡಿದು ಒಂದು ಹಾಫ್ ನೋಡಿ ಹೋಗುತ್ತಾರೆ, ಹೋಗುವಾಗ ನಿಮ್ಮ ಆಟದ ಬಗ್ಗೆ ಒಂದು ಮಾತು ಹೇಳದೆ ಹೋಗುವುದಿಲ್ಲ.

ಮೊದಲ ಪಂದ್ಯ 3–0. ಅದರ ಬಗ್ಗೆ ಬರೆಯಲಿಕ್ಕೆ ಏನಿಲ್ಲ, ನೋಟ್‌ಬುಕ್ಕಿನಲ್ಲೂ ಖಾಲಿ. ಎರಡನೆಯದು 1–0. ಅದು ಫುಟ್‌ಬಾಲ್ ಅಲ್ಲ, ನಾಟಿಗದ್ದೆ. ಎದುರಿನವರ ಒಂದು ಶಾಟ್ ನಮ್ಮ ಕೀಪರ್‌ನನ್ನೂ ದಾಟಿ, ಗೆರೆಗೆ ಒಂದು ಅಡಿ ಇರುವಾಗ ನೀರಿನ ಗುಂಡಿಯಲ್ಲಿ ನಿಂತೇಬಿಟ್ಟಿತು.

ಕ್ವಾರ್ಟರ್‌ಫೈನಲ್ 1–2. ಎರಡರಲ್ಲಿ ಒಂದು ಫ್ರೀಕಿಕ್, ಗೋಡೆಯ ಮೇಲಿಂದ ಬಂದು ಮೂಲೆಗೆ ಹೋಯಿತು, ಯಾರನ್ನೂ ದೂರುವಂತಿಲ್ಲ. ಇನ್ನೊಂದನ್ನು ಮಾತ್ರ ನಾನು ಇನ್ನೂ ಮರೆತಿಲ್ಲ. ಕೊನೆಯ ಹತ್ತು ನಿಮಿಷ, 1–1. ನಮ್ಮ ಬಲಬದಿಯಲ್ಲಿ ಬಾಲ್ ಗೆರೆ ದಾಟಿತು. ನಮ್ಮ ರೈಟ್ ಬ್ಯಾಕ್ ಕೈ ಎತ್ತಿದ. ಸ್ಟಾಪರ್ ಕೈ ಎತ್ತಿದ. ಮಧ್ಯದಲ್ಲಿದ್ದವನೂ ಎತ್ತಿದ. ಕ್ಯಾಪ್ಟನ್ ಲೈನ್ ರೆಫರಿಯ ಹತ್ತಿರ ನಡೆದೇ ಹೋದ. ಆ ಬದಿಯಿಂದ ಎದುರಿನವರ ಒಬ್ಬ ಸಣ್ಣ ಹುಡುಗ ಬಾಲ್ ಎತ್ತಿ ಎಸೆದ. ಥ್ರೋಗೆ ಸೀಟಿಗಾಗಿ ಕಾಯಬೇಕೆಂದಿಲ್ಲ. ನಮ್ಮವರ ಹಿಂದೆ ಅವರ ಫಾರ್ವರ್ಡ್ ಒಬ್ಬನೇ ನಿಂತಿದ್ದ. ಅವನು ಬಾಲ್ ಹಿಡಿದು ತಿರುಗುವಾಗ ನಮ್ಮ ಸ್ಟಾಪರ್ ಎರಡನೇ ಸಲ ಕೈ ಎತ್ತಿದ, ಈಗ ಆಫ್‌ಸೈಡಿಗೆ, ಅಂದರೆ ಅವನು ನಮ್ಮ ಡಿಫೆಂಡರುಗಳ ಹಿಂದೆ ನಿಂತು ಬಾಲ್ ಪಡೆದ ಎಂಬ ತಪ್ಪಿಗೆ. ಥ್ರೋವನ್ನು ನೇರ ಪಡೆದವನಿಗೆ ಆಫ್‌ಸೈಡ್ ಎಂಬುದೇ ಇಲ್ಲ. ಗೋಲ್‌ಕಿಕ್, ಕಾರ್ನರ್‌ಗೂ ಹಾಗೆಯೇ. ನಮ್ಮಲ್ಲಿ ಅದು ಗೊತ್ತಿದ್ದವರು ಇಬ್ಬರು, ಆ ಇಬ್ಬರೂ ಬೆಂಚಿನಲ್ಲಿ.

ಅವತ್ತು ರಾತ್ರಿ ಮೊದಲ ಪುಟದಿಂದ ಓದಿದೆ. ಅಲ್ಲಿಯವರೆಗೆ ಬಿಟ್ಟದ್ದು 8. ಥ್ರೋದಿಂದ 4. ಕಾರ್ನರಿನಿಂದ 1.

ಮರುದಿನ ಕ್ಯಾಪ್ಟನ್‌ಗೆ ತೋರಿಸಿದೆ. “ಎಂತ ಮಾರಾಯ, ಬಿಕಾಂ ಮಾಡಿ ಮಾಡಿ ಎಲ್ಲದರಲ್ಲೂ ಬ್ಯಾಲೆನ್ಸ್ ಶೀಟ್ ಕಾಣುದಾ ನಿನಗೆ?” ಎಂದ. ಆ ಥ್ರೋ ನಮ್ಮದೇ ಆಗಿತ್ತು ಎಂದು ಇನ್ನೂ ಐದು ನಿಮಿಷ ವಾದಿಸಿದ. ಪ್ರಾಯಶಃ ಆಗಿತ್ತು ಕೂಡ. ಸರ್ ಮಾತ್ರ ಚಹಾ ಕುಡಿಯುತ್ತ ಪುಟ ತಿರುವಿದರು.

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ ನೀನು?”

“ಮೊದಲೇ ನನಗೂ ಗೊತ್ತಿರಲಿಲ್ಲ ಸರ್.”

ಸೆಪ್ಟೆಂಬರ್

ಸರ್ ಮಾಡಿದ ಮದ್ದು ಸಣ್ಣದು. ಬಾಲ್ ಹೊರಗೆ ಹೋದ ಕೂಡಲೇ, ಅದು ಯಾರದ್ದೇ ಆಗಲಿ, ಮೊದಲು ತಿರುಗಿ ನಿಮ್ಮ ಆಳನ್ನು ಹಿಡಿಯಿರಿ, ವಾದ ಆಮೇಲೆ. ಕೂಗುವ ಕೆಲಸ ಕೀಪರ್‌ನದ್ದು. ಏನೆಂದು ಕೂಗುವುದು? ನಮ್ಮ ತಂಡದಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಎಲ್ಲ ಉಂಟು. ಕನ್ನಡದಲ್ಲಿ ‘ಹಿಂದೆ ಬನ್ನಿ’ ಎಂದರೆ ಹೇಳಿ ಮುಗಿಯುವಾಗ ಗೋಲಾಗಿರುತ್ತದೆ. ಕೊನೆಗೆ ತುಳುವಿನ “ಪಿರ!” ನಿಂತಿತು. ಎರಡೇ ಅಕ್ಷರ, ಗಾಳಿಯಲ್ಲೂ ಕೇಳುತ್ತದೆ.

ದಿನಕ್ಕೆ ಇಪ್ಪತ್ತು ಸಲ ಸರ್ ಬೇಕೆಂದೇ ಬಾಲನ್ನು ಹೊರಗೆ ಒದೆಯುವುದು, ಬೇಕೆಂದೇ ತಪ್ಪು ಬದಿಗೆ ಕೈ ತೋರಿಸುವುದು, ನಾವು ಬಾಯಿ ಮುಚ್ಚಿ ತಿರುಗುವುದು. ಕೈ ಎತ್ತಿದವನಿಗೆ ಗ್ರೌಂಡಿಗೆ ಒಂದು ಸುತ್ತು. ಮೊದಲ ದಿನ ಕ್ಯಾಪ್ಟನ್ ಒಂಬತ್ತು ಸುತ್ತು ಓಡಿದ.

ಇದನ್ನು ಪರೀಕ್ಷೆ ಮಾಡಲಿಕ್ಕೆ ಒಂದು ಭಾನುವಾರ ಬೆಂಗ್ರೆಗೆ ಹೋದೆವು. ಹಳೆ ಬಂದರಿನಿಂದ ಫೆರಿ ದಾಟಿದರೆ ಆಚೆ ದಡ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮನೆಗಳೂ ಫುಟ್‌ಬಾಲೂ. ಅಲ್ಲಿನ ಹುಡುಗರು ನಡೆಯಲಿಕ್ಕೆ ಕಲಿಯುವುದೇ ಮರಳಿನ ಮೇಲೆ. ಬರಿಗಾಲಲ್ಲಿ ಆಡಿದರು. ನಮ್ಮ ಸ್ಟಡ್ ಬೂಟುಗಳು ಮರಳಲ್ಲಿ ಹುಗಿದು ಭಾರವಾದವು, ಹದಿನೈದು ನಿಮಿಷಕ್ಕೆ ನಾವೂ ಕಳಚಿಟ್ಟೆವು.

ಮೊದಲ ಥ್ರೋ ಬಂತು. ನಮ್ಮ ಕೀಪರ್ ಗಂಟಲು ಹರಿಯುವ ಹಾಗೆ “ಪಿರ!” ಎಂದ. ನಮ್ಮ ಹತ್ತು ಜನ ತಿರುಗಿ ಓಡಿದರು. ತುಳು ಗೊತ್ತಿದ್ದ ಬೆಂಗ್ರೆಯ ಇಬ್ಬರು ಡಿಫೆಂಡರುಗಳೂ ಓಡಿದರು! ದಡದಲ್ಲಿ ಬಲೆಯ ಹತ್ತಿರ ಕೂತಿದ್ದ ಹಿರಿಯರೊಬ್ಬರು ನಗುವುದನ್ನು ನಿಲ್ಲಿಸಲೇ ಇಲ್ಲ.

0–3 ಸೋತೆವು. ಮರಳಿನಲ್ಲಿ ಬಾಲ್ ಉರುಳುವುದಿಲ್ಲ, ಹಾಗಾಗಿ ಅವರು ನೆಲಕ್ಕೆ ಬಿಡುವುದೇ ಇಲ್ಲ, ಕಾಲ್ಬೆರಳಲ್ಲಿ ಎತ್ತಿ ನಮ್ಮ ಸ್ಟಾಪರ್‌ಗಳ ತಲೆ ದಾಟಿಸುತ್ತಾರೆ. ಹಾಗೆ ಎರಡು, ಮೂರನೆಯದು ನಮ್ಮದೇ ಲೆಫ್ಟ್ ಬ್ಯಾಕ್‌ನ ಮೊಣಕಾಲಿಗೆ ತಾಗಿ ಒಳಗೆ. ವಾಪಸು ಬರುವಾಗ ಫೆರಿಯಲ್ಲಿ ಎಲ್ಲರ ಮುಖ ಸಪ್ಪೆ, ನಾನೊಬ್ಬ ಮಾತ್ರ ಖುಷಿಯಲ್ಲಿ. ಥ್ರೋದಿಂದ ಒಂದೂ ಇಲ್ಲವಲ್ಲ! ಇದನ್ನು ಜೋರಾಗಿ ಹೇಳಿದ್ದಕ್ಕೆ ಹೊಳೆಗೆ ದೂಡುತ್ತೇವೆ ಎಂದರು.

ಅಕ್ಟೋಬರ್

ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಟೂರ್ನಮೆಂಟ್. ನಾವು ಇಡೀ ವರ್ಷ ಕಾಯುವುದು ಇದಕ್ಕೆ.

ಮೊದಲ ಪಂದ್ಯ 2–1. ಆ ಒಂದು ಮತ್ತೆ ಥ್ರೋದಿಂದ. “ಪಿರ” ಎಂದು ಕೂಗಿದ್ದು ಸರಿ, ಎಲ್ಲರೂ ತಿರುಗಿದ್ದೂ ಸರಿ, ಕೂಗಿದ ಕೀಪರ್ ಮಾತ್ರ ರೆಫರಿ ಜೊತೆ ವಾದಕ್ಕೆ ನಿಂತಿದ್ದ. ರೂಮಿನಲ್ಲಿ ಅವತ್ತು ಇಬ್ಬರೂ ಮಾತಾಡಲಿಲ್ಲ.

ಎರಡನೇ ಪಂದ್ಯದ ದಿನ ಅವನಿಗೆ ಪರೀಕ್ಷೆ. ತಪ್ಪಿಸುವ ಹಾಗಿರಲಿಲ್ಲ. ಹೀಗೆ ಸೀಸನ್ನಿನಲ್ಲಿ ಒಮ್ಮೆ ನಾನು ಇಳಿದೆ. 1–0 ಗೆದ್ದೆವು, ನಾನು ಗೋಲು ಬಿಡಲಿಲ್ಲ. ಇದನ್ನು ಓದಿ ಯಾರೂ ದೊಡ್ಡದು ತಿಳಿಯುವುದು ಬೇಡ, ನನ್ನ ಕೈಗೆ ಬಾಲ್ ಬಂದದ್ದೇ ಏಳೆಂಟು ಸಲ. ಅದರಲ್ಲಿ ಒಂದು ಸಲ ಮರ್ಯಾದೆ ಹೋಯಿತು. ಮುನ್ನಡೆ ಉಂಟಲ್ಲ ಎಂದು ಬಾಲನ್ನು ಎದೆಗೆ ಅವಚಿ ನಿಧಾನ ಮಾಡುತ್ತಿದ್ದೆ. ರೆಫರಿ ಕೈ ಮೇಲೆತ್ತಿ ಒಂದೊಂದೇ ಬೆರಳು ಮಡಚಲಿಕ್ಕೆ ಶುರು ಮಾಡಿದರು. ನಾನು ಅದನ್ನು ಯಾರಿಗೋ ಏನೋ ಹೇಳುತ್ತಿದ್ದಾರೆ ಎಂದುಕೊಂಡೆ. ಸೀಟಿ, ಎದುರಿನವರಿಗೆ ಕಾರ್ನರ್. ಈ ವರ್ಷ ಜುಲೈಯಿಂದ ಬಂದ ಹೊಸ ನಿಯಮ: ಕೀಪರ್ 8 ಸೆಕೆಂಡಿಗಿಂತ ಹೆಚ್ಚು ಬಾಲ್ ಕೈಯಲ್ಲಿ ಇಟ್ಟುಕೊಂಡರೆ ಕಾರ್ನರ್, ಕೊನೆಯ ಐದು ಸೆಕೆಂಡನ್ನು ರೆಫರಿ ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಮುಂಚೆ ಇದ್ದದ್ದು 6 ಸೆಕೆಂಡ್, ಇಂಡೈರೆಕ್ಟ್ ಫ್ರೀಕಿಕ್. ಅದನ್ನು ಕೊಟ್ಟದ್ದು ನಾನಂತೂ ಕಂಡಿರಲಿಲ್ಲ. ಥ್ರೋ ನಿಯಮ ಎಲ್ಲರಿಗೆ ಪಾಠ ಮಾಡಿದವನಿಗೆ ಕೀಪರ್ ನಿಯಮವೇ ಗೊತ್ತಿರಲಿಲ್ಲ. ಆ ಕಾರ್ನರನ್ನು ಸ್ಟಾಪರ್ ತಲೆ ಕೊಟ್ಟು ಹೊರಗೆ ಹಾಕಿದ, ಆಮೇಲೆ ಒಂದು ವಾರ ನನ್ನನ್ನು ಕಂಡಾಗಲೆಲ್ಲ ಐದು ಬೆರಳು ತೋರಿಸಿದ.

ಕ್ವಾರ್ಟರ್‌ಫೈನಲಿಗೆ ಮೊದಲನೇ ಕೀಪರ್ ವಾಪಸು. ಎದುರಿನವರಿಗೆ ಆ ದಿನ ಇಪ್ಪತ್ತೊಂದು ಥ್ರೋ ಸಿಕ್ಕಿತು. ಎಣಿಸಿದ್ದೇನೆ. ಒಂದರಲ್ಲೂ ನಮ್ಮವರು ಕೈ ಎತ್ತಲಿಲ್ಲ. ಗೋಲು ಬಿದ್ದದ್ದು ಕಾರ್ನರಿನಿಂದ. ಆಗಸ್ಟಿನ ನಂತರ ಕಾರ್ನರನ್ನು ಅಭ್ಯಾಸದಲ್ಲಿ ನಾವು ಸರಿಯಾಗಿ ಮುಟ್ಟಿರಲೇ ಇಲ್ಲ. ಅದಕ್ಕೆ ಕಾರಣ ನನ್ನ ನೋಟ್‌ಬುಕ್ಕೇ.

1–1. ಶೂಟೌಟ್ 3–4. ನಮ್ಮ ಕೀಪರ್ ಒಂದು ಹಿಡಿದ, ನಮ್ಮವರು ಎರಡು ಕಳೆದರು, ಒಂದು ಕಂಬಕ್ಕೆ, ಒಂದು ಆಕಾಶಕ್ಕೆ. ಹೊಡೆದವರ ಬಗ್ಗೆ ಬರೆಯುವುದಿಲ್ಲ. 11 ಮೀಟರ್ ಎಂದರೆ ಎಷ್ಟು ದೂರ ಎಂದು ಅಲ್ಲಿ ನಿಂತವನಿಗೇ ಗೊತ್ತು.

ಪುಸ್ತಕ ಮುಚ್ಚುವಾಗ

13ರ ಲೆಕ್ಕ ಹೀಗಿದೆ: ಥ್ರೋ 5, ಲಾಂಗ್ ಬಾಲ್ 3, ಕಾರ್ನರ್ 2, ಫ್ರೀಕಿಕ್, ಪೆನಲ್ಟಿ, ನಮ್ಮದೇ ಮೊಣಕಾಲು ಒಂದೊಂದು. ಐದು ಥ್ರೋಗಳಲ್ಲಿ ನಾಲ್ಕು ಆಗಸ್ಟ್ ಮುಗಿಯುವ ಮೊದಲಿನವು. ಬೆಂಗ್ರೆಯ ಮೂರನ್ನು ಬಿಟ್ಟರೆ ಸೆಪ್ಟೆಂಬರ್ ನಂತರ ನಾವು ಬಿಟ್ಟದ್ದು ಎರಡೇ. ಇದನ್ನು ನನ್ನ ಸಾಧನೆ ಎನ್ನಬಹುದಿತ್ತು, ಆದರೆ ಮಳೆ ನಿಂತದ್ದೂ ಅದೇ ಹೊತ್ತಿಗೆ. ಗ್ರೌಂಡ್ ಒಣಗಿದ ಮೇಲೆ ನಮ್ಮ ಸ್ಟಾಪರ್‌ಗಳು ಜಾರಿ ಬೀಳುವುದೂ ನಿಂತಿತು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಪೆನ್ಸಿಲ್ ಹೇಳುವುದಿಲ್ಲ.

ಮೊನ್ನೆ ಕಾಲೇಜು ವಾರ್ಷಿಕ ವರದಿಗೆ ತಂಡದ ವಿವರ ಬೇಕೆಂದು ಸರ್ ನೋಟ್‌ಬುಕ್ ತರಲು ಹೇಳಿದರು. ತೆಗೆದುಕೊಂಡು ಹೋದೆ. ಅವರು ಕೇಳಿದ್ದು ಒಂದೇ: “ಗೋಲು ಹೊಡೆದವರ ಹೆಸರೆಲ್ಲಿ ಉಂಟು?”

ಇಲ್ಲ. ಒಂದೂ ಬರೆದಿಲ್ಲ. ನಾಲ್ಕು ತಿಂಗಳಲ್ಲಿ ನಮ್ಮವರು ಗೋಲು ಹೊಡೆದಾಗಲೆಲ್ಲ ನಾನು ಕೊಡೆ ಬಿಸಾಡಿ ಕುಣಿದಿದ್ದೇನೆ, ಪೆನ್ಸಿಲ್ ಹಿಡಿದಿಲ್ಲ. ಈಗ ಎರಡು ವಾರದಿಂದ ಎಲ್ಲರ ಮೊಬೈಲ್ ವಿಡಿಯೋ ತರಿಸಿ ಹುಡುಕುತ್ತಿದ್ದೇನೆ. 12ರಲ್ಲಿ 11ರ ವಾರಸುದಾರರು ಸಿಕ್ಕಿದರು. ನೆಹರೂ ಮೈದಾನದ ಆ ನಾಟಿಗದ್ದೆ ಪಂದ್ಯದ ಒಂದೇ ಒಂದು ಗೋಲಿಗೆ ಮಾತ್ರ ಇಬ್ಬರು ಫಾರ್ವರ್ಡ್‌ಗಳು ಹಕ್ಕು ಹೇಳುತ್ತಿದ್ದಾರೆ. ವಿಡಿಯೋ ಉಂಟು, ಆದರೆ ಲೆನ್ಸಿನ ಮೇಲೆ ನೀರು, ಇಬ್ಬರ ಜರ್ಸಿಯೂ ಕೆಸರಿನ ಬಣ್ಣ. ಇಬ್ಬರೂ ದಿನಾ ಸಂಜೆ ರೂಮಿಗೆ ಬಂದು ಅದನ್ನು ಮತ್ತೊಮ್ಮೆ ಹಾಕಿಸಿ ನೋಡುತ್ತಾರೆ, ಗೋಳಿಬಜೆ ತಾವೇ ತರುತ್ತಾರೆ. ನಾನು ಇನ್ನೂ ತೀರ್ಮಾನ ಕೊಟ್ಟಿಲ್ಲ.