ಜೋಡಿ ಬಿಲ್ಲೆಯ ಮೂರನೇ ಮುಖ: 45ರಲ್ಲಿ 31 ಸೇರಿತು

ಹೋದ ಸಲ ಬರೆದಾಗ ನನ್ನ ಡಬ್ಬಿಯಲ್ಲಿ ಅಮೆರಿಕ ಚುನಾವಣೆಯ 22 ಬಿಲ್ಲೆ ಇತ್ತು. ಈಗ 31 ಆಗಿದೆ. ಇದಲ್ಲದೆ ಬಂದದ್ದರಲ್ಲಿ ಒಂದು ನಕಲಿ, ಒಂದನ್ನು ನಾನೇ ಹಾಳು ಮಾಡಿದೆ. ಅವೆರಡನ್ನೂ ಲೆಕ್ಕಕ್ಕೆ ಸೇರಿಸಿಲ್ಲ.

ಹೊಸಬರಿಗೆ ಒಂದು ಮಾತು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದರೆ ಜನ ಅಂಗಿಗೆ ತಗಡಿನ ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಾರೆ. 1896ರಲ್ಲಿ ಮೆಕಿನ್ಲಿ ಮತ್ತು ಬ್ರಯಾನ್ ಎದುರುಬದುರಾದಾಗ ಶುರುವಾದ ಹುಚ್ಚು ಇದು. ಅಭ್ಯರ್ಥಿ ಮತ್ತು ಅವನ ರನ್ನಿಂಗ್ ಮೇಟ್, ಅಂದರೆ ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೆ ನಿಂತವನು, ಇಬ್ಬರ ಮುಖವೂ ಪಕ್ಕಪಕ್ಕ ಇರುವ ಬಿಲ್ಲೆಗೆ ಸಂಗ್ರಹಕಾರರು ಜುಗೇಟ್ ಅನ್ನುತ್ತಾರೆ. ನಾನು ಸುಮ್ನೆ ಜೋಡಿ ಬಿಲ್ಲೆ ಅಂತೀನಿ. 1940ರಿಂದ 2024ರವರೆಗೆ 22 ಚುನಾವಣೆ, ಡೆಮಾಕ್ರಟ್ ಮತ್ತು ರಿಪಬ್ಲಿಕನ್ ಅಂತ ಎರಡು ದೊಡ್ಡ ಪಕ್ಷ, ಒಟ್ಟು 44 ಜೋಡಿ. ನಲವತ್ತೈದನೆಯದು ಯಾವುದು ಅಂತ ಮುಂದೆ ಹೇಳ್ತೀನಿ.

1940ರಿಂದಲೇ ಯಾಕೆ? ಅದಕ್ಕೂ ಮುಂಚೆ ಎರಡನೇ ಹೆಸರನ್ನು ಹೆಚ್ಚಾಗಿ ಪಕ್ಷದ ದೊಡ್ಡವರೇ ತೀರ್ಮಾನಿಸುತ್ತಿದ್ದರು. ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಹಟ ಹಿಡಿದರು. ಹೆನ್ರಿ ವ್ಯಾಲೆಸ್‌ನನ್ನು ಜೋಡಿಯಾಗಿ ಕೊಡದಿದ್ದರೆ ತನಗೂ ಟಿಕೆಟ್ ಬೇಡ ಅಂತ ಹೇಳಿಕೆ ಬರೆದಿಟ್ಟುಕೊಂಡೇ ಕೂತಿದ್ದರು. ಷಿಕಾಗೋದಲ್ಲಿ ಸೇರಿದ್ದ, ಅಭ್ಯರ್ಥಿಗಳನ್ನು ಆರಿಸುವ ಪಕ್ಷದ ಸಮಾವೇಶ ಗೊಣಗುತ್ತಲೇ ಒಪ್ಪಿತು. ಜೋಡಿಯನ್ನು ಅಭ್ಯರ್ಥಿಯೇ ಆರಿಸುವ ಕಾಲ ಅಲ್ಲಿಂದ ಶುರು ಅಂತ ನನ್ನ ಲೆಕ್ಕ.

ಜನವರಿ

ನಾನಿರುವ ಒಹಾಯೋದ ಕೊಲಂಬಸ್‌ನಲ್ಲಿ ಹಿಮ. ಹೊರಗೆ ಹೋಗುವ ಹಾಗಿಲ್ಲ. ಗಾಜಿನ ಮುಚ್ಚಳದ, ಒಳಗೆ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಬಿಲ್ಲೆಗಳನ್ನು ಜೋಡಿಸಲು ಕೂತೆ. ವರ್ಷದ ಸಾಲಿನಲ್ಲಿ ಇಟ್ಟರೆ ಏನು ಸ್ವಾರಸ್ಯ? ರನ್ನಿಂಗ್ ಮೇಟ್ ತನ್ನ ರಾಜ್ಯವನ್ನು ಗೆಲ್ಲಿಸಿಕೊಟ್ಟನಾ ಅನ್ನುವುದರ ಮೇಲೆ ಜೋಡಿಸೋಣ ಅಂದುಕೊಂಡೆ. ಟಿವಿಯಲ್ಲಿ ಕೂತವರೆಲ್ಲ ಪ್ರತಿ ಸಲ ಹೇಳುವುದು ಅದೇ ತಾನೇ? ಇವನನ್ನು ತಗೊಂಡರೆ ಆ ರಾಜ್ಯ ಬರುತ್ತೆ, ಅವನನ್ನು ತಗೊಂಡರೆ ಈ ರಾಜ್ಯ ಬರುತ್ತೆ ಅಂತ. ಗೆಲ್ಲಿಸಿಕೊಟ್ಟವರಿಗೆ ಹಸಿರು ಚೀಟಿ, ಕೈಕೊಟ್ಟವರಿಗೆ ಕೆಂಪು.

ಒಂದೇ ಸಂಜೆಯಲ್ಲಿ ಕೆಂಪು ಚೀಟಿ ಖಾಲಿ. 1948ರಲ್ಲಿ ಡ್ಯೂಯಿ ಜೊತೆ ನಿಂತ ಅರ್ಲ್ ವಾರನ್ ಕ್ಯಾಲಿಫೋರ್ನಿಯಾದ ಗವರ್ನರ್, ಆದರೆ ಆ ರಾಜ್ಯ ಟ್ರೂಮನ್ ಪಾಲಾಯಿತು. 1956ರಲ್ಲಿ ಸ್ಟೀವನ್‌ಸನ್ ಜೊತೆಗಿದ್ದ ಕೀಫಾವರ್‌ನ ಟೆನೆಸ್ಸೀ ಹೋಯಿತು. 1960ರಲ್ಲಿ ನಿಕ್ಸನ್ ಜೊತೆಗಿದ್ದ ಲಾಡ್ಜ್ ಮ್ಯಾಸಚೂಸೆಟ್ಸ್‌ನವನು, ಎದುರಿಗೆ ನಿಂತಿದ್ದವನು ಅದೇ ಊರಿನ ಕೆನಡಿ! 1968ರಲ್ಲಿ ಆಗ್ನ್ಯೂ ಮೇರಿಲ್ಯಾಂಡ್ ತರಲಿಲ್ಲ, 1988ರಲ್ಲಿ ಬೆಂಟ್ಸನ್ ಟೆಕ್ಸಸ್ ತರಲಿಲ್ಲ, 2004ರಲ್ಲಿ ಎಡ್ವರ್ಡ್ಸ್ ನಾರ್ತ್ ಕ್ಯಾರೊಲೈನಾ ತರಲಿಲ್ಲ, 2012ರಲ್ಲಿ ರಯಾನ್ ವಿಸ್ಕಾನ್ಸಿನ್ ತರಲಿಲ್ಲ.

ಹಸಿರು? ಅಲೆಯಲ್ಲಿ ತಾನಾಗಿ ಬಂದವು, ಮೊದಲಿಂದ ಪಕ್ಷದ ಕೈಯಲ್ಲೇ ಇದ್ದವು, ಇವನ್ನು ಬಿಟ್ಟರೆ ನಾನು ಧೈರ್ಯವಾಗಿ ಹಸಿರು ಅಂಟಿಸಿದ್ದು ಒಂದಕ್ಕೇ. 1960ರ ಲಿಂಡನ್ ಜಾನ್ಸನ್. ಟೆಕ್ಸಸ್ ಬಂದದ್ದು ಸುಮಾರು 46,000 ಮತಗಳ ಅಂತರದಲ್ಲಿ. ಅವನಿಲ್ಲದೆ ಕೆನಡಿಗೆ ಅದು ಸಿಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಎರಡನೆಯದು ಅನುಮಾನದ ಹಸಿರು, 1944ರಲ್ಲಿ ಡ್ಯೂಯಿ ಜೊತೆ ನಿಂತ, ನಮ್ಮ ಒಹಾಯೋದ ಆಗಿನ ಗವರ್ನರ್ ಜಾನ್ ಬ್ರಿಕರ್. 1940ರಲ್ಲಿ ರೂಸ್‌ವೆಲ್ಟ್ ಗೆದ್ದಿದ್ದ ಒಹಾಯೋ 1944ರಲ್ಲಿ ಅವನಿಂದ, ಅಥವಾ ಅವನಿದ್ದೂ, ಕೂದಲೆಳೆಯಲ್ಲಿ ಡ್ಯೂಯಿ ಕಡೆ ತಿರುಗಿತು. ಚೀಟಿಯ ಮೂಲೆ ಸ್ವಲ್ಪ ಕತ್ತರಿಸಿ ಅಂಟಿಸಿದ್ದೀನಿ.

ಜಾನ್ಸನ್ ಬಗ್ಗೆ ಇನ್ನೊಂದು ಹೇಳಲೇಬೇಕು. ಅದೇ ದಿನ ಅದೇ ಟೆಕ್ಸಸ್‌ನಲ್ಲಿ ಅವನು ಸೆನೆಟ್ ಸ್ಥಾನಕ್ಕೂ ನಿಂತಿದ್ದ. ಅದಕ್ಕಾಗಿಯೇ ರಾಜ್ಯದ ಕಾನೂನು ತಿದ್ದಿಸಿದ್ದರು. ಎರಡನ್ನೂ ಗೆದ್ದ. 1988ರಲ್ಲಿ ಬೆಂಟ್ಸನ್ ಅದೇ ಕಾನೂನು ಬಳಸಿಕೊಂಡ. ಉಪಾಧ್ಯಕ್ಷಗಿರಿ ಹೋಯಿತು, ಸೆನೆಟ್ ಉಳಿಯಿತು.

ಇಷ್ಟಾದ ಮೇಲೆ ಆ ಜೋಡಣೆಯನ್ನೇ ಕಿತ್ತೆ. ಗೆಲ್ಲಿಸುವ ರಾಜ್ಯಕ್ಕಾಗಿ ಆರಿಸುತ್ತಾರೆ ಅನ್ನುವುದು ಹಾಗಾದರೆ ಬರೀ ಬಾಯಿಮಾತು. ಹತ್ತಿಗೆ ಅಂಟು ಹತ್ತಿ ಒಂದು ಪೆಟ್ಟಿಗೆ ಗಲೀಜಾಗಿದ್ದು ಬೇರೆ.

ಮಾರ್ಚ್

ಮೊದಲು ನಕಲಿ ಕಥೆ. ಆನ್‌ಲೈನ್‌ನಲ್ಲಿ 1940ರ ವಿಲ್ಕಿ–ಮೆಕ್‌ನರಿ ಬಿಲ್ಲೆ ಕಂಡಿತು, ಬೆಲೆ ಕಡಿಮೆ. ಬಂದಾಗ ನೋಡಿದರೆ ಹೊಸ ಸ್ಟೀಲ್ ಲೋಟದ ಹಾಗೆ ಹೊಳೀತಿದೆ. ಅಂಚಿನಲ್ಲಿ ಯಾರೋ ಕೆರೆದ ಗುರುತು. 1973ರ ಒಂದು ಕಾನೂನಿನ ಪ್ರಕಾರ ಹಳೆ ಬಿಲ್ಲೆಯ ಪ್ರತಿ ಮಾಡಿದರೆ ಮಾಡಿದ ವರ್ಷವನ್ನು ಅದರ ಮೇಲೆ ಹಾಕಬೇಕು. ಆ ವರ್ಷವನ್ನೇ ಕೆರೆದಿದ್ದಾರೆ ಅಂತ ನನ್ನ ಊಹೆ. ಮಾರಿದವರಿಗೆ ಬರೆದೆ, ಉತ್ತರ ಇಲ್ಲ. ಹೋಗಲಿ.

ಹಾಳು ಮಾಡಿದ ಕಥೆ ಪೂರ್ತಿ ನನ್ನದೇ ತಪ್ಪು. 1956ರ ಸ್ಟೀವನ್‌ಸನ್–ಕೀಫಾವರ್ ಮೇಲೆ ಧೂಳಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೆಲ್ಯುಲಾಯ್ಡ್ ಪೊರೆಯ ಕೆಳಗೆ ನೀರು ಹೋಯಿತು. ಒಳಗಿನ ಕಾಗದದಲ್ಲಿ ಮರುದಿನ ಕಂದು ಮಚ್ಚೆ, ಸರಿಯಾಗಿ ಕೀಫಾವರ್‌ನ ಮೂಗಿನ ಮೇಲೆ. ಒಣ ಬಟ್ಟೆ ಮಾತ್ರ, ತಿಳೀತಾ?

ಏಪ್ರಿಲ್

ಅಮ್ಮ ಊರಿಂದ ಬಂದರು. ಮೊದಲ ದಿನವೇ ಪೆಟ್ಟಿಗೆ ನೋಡಿ, "ಇದೇನೋ ಇದು, ಬರೀ ಗಂಡಸರ ಜೋಡಿ ಫೋಟೋ? ನಡುವೆ ಒಬ್ಬಳು ಹೆಂಗಸು ಇದ್ದಾಳಲ್ಲ" ಅಂದರು. ಅದು 1984ರ ಮಾಂಡೇಲ್–ಫೆರಾರೊ. ದೊಡ್ಡ ಪಕ್ಷದ ಟಿಕೆಟ್‌ನಲ್ಲಿ ಮೊದಲ ಹೆಣ್ಣುಮಗಳು ಅವಳೇ ಅಂತ ಹೇಳಿದೆ. ಪೇಲಿನ್ ಮತ್ತು ಕಮಲಾ ಹ್ಯಾರಿಸ್ ಬಿಲ್ಲೆಗಳನ್ನೂ ತೋರಿಸಿದೆ.

ಅದೇ ವಾರ ನಲವತ್ತೈದನೆಯದು ಬಂತು: 1972ರ ಮೆಕ್‌ಗವರ್ನ್–ಈಗಲ್ಟನ್. ಜೋಡಿ ನಿಂತದ್ದು ಹದಿನೆಂಟೇ ದಿನ. ಹಾಗಾಗಿ ಆ ವರ್ಷದ ಡೆಮಾಕ್ರಟ್ ಸಾಲಿಗೆ ಎರಡು ಬಿಲ್ಲೆ. ದುಬಾರಿಯೇನಲ್ಲ. ಎರಡು ಸಿಕ್ಕವು, ಎರಡನ್ನೂ ತಗೊಂಡೆ.

ಅಮ್ಮನಿಗೆ ಕಥೆ ಹೇಳಿದೆ. ಮಯಾಮಿ ಬೀಚ್‌ನಲ್ಲಿ ಸಮಾವೇಶ. ಮೆಕ್‌ಗವರ್ನ್ ಟಿಕೆಟ್‌ಗಾಗಿ ಕೊನೇ ತನಕ ಗುದ್ದಾಡಿದವನು, ಜೋಡಿ ಯಾರು ಅಂತ ಯೋಚಿಸುವುದಕ್ಕೆ ಪುರುಸೊತ್ತೇ ಇರಲಿಲ್ಲ. ಟೆಡ್ ಕೆನಡಿ ಬೇಡ ಅಂದ. ಮಾಂಡೇಲ್ ಬೇಡ ಅಂದ. ರಿಬಿಕಾಫ್, ಗೇಲಾರ್ಡ್ ನೆಲ್ಸನ್ ಕೂಡ ಬೇಡ ಅಂದರು. ಗಡುವು ಹತ್ತಿರ ಬಂದಾಗ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್‌ಗೆ ಫೋನ್ ಹೋಯಿತು. ಕೆಲವೇ ನಿಮಿಷದ ಮಾತು. ಮುಚ್ಚಿಟ್ಟದ್ದು ಏನಾದರೂ ಇದೆಯಾ ಅಂತ ಕೇಳಿದರು, ಇಲ್ಲ ಅಂದ. ಖಿನ್ನತೆಗಾಗಿ ಮೂರು ಸಲ ಆಸ್ಪತ್ರೆ ಸೇರಿದ್ದ, ತಲೆಗೆ ವಿದ್ಯುತ್ ಶಾಕ್ ಚಿಕಿತ್ಸೆ ಆಗಿತ್ತು. ಅದು ಜುಲೈ ಕೊನೆಯ ವಾರ ಹೊರಗೆ ಬಂತು. ಸಾವಿರ ಪಾಲು ನಿನ್ನ ಜೊತೆಗಿದ್ದೀನಿ ಅಂದ ಮೆಕ್‌ಗವರ್ನ್ ಜುಲೈ 31ಕ್ಕೆ ಅವನನ್ನು ಇಳಿಸಿದ. ಸಾರ್ಜೆಂಟ್ ಶ್ರೈವರ್ ಬಂದ. ನವೆಂಬರ್‌ನಲ್ಲಿ ಗೆದ್ದದ್ದು ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ಡಿಸಿ ಮಾತ್ರ.

ಅಮ್ಮ ಪೂರ್ತಿ ಕೇಳಿ, "ಸುಳಿ ನೋಡ್ದೆ ಎತ್ತು ತಂದ್ರಾ?" ಅಂದರು.

ನಮ್ಮ ತಾತ ಜೋಡೆತ್ತು ತರಲು ಘಾಟಿ ಸುಬ್ರಹ್ಮಣ್ಯ ಜಾತ್ರೆಗೆ ಹೋದರೆ ಮೂರು ದಿನ ಬಿಟ್ಟು ಬರುತ್ತಿದ್ದರಂತೆ. ಹಲ್ಲು, ಗೊರಸು, ಸುಳಿ, ನಡಿಗೆ ಎಲ್ಲ ನೋಡಿ, ಮನೆಯಲ್ಲಿರುವ ಎತ್ತಿಗೆ ಎತ್ತರ ಸರಿಹೊಂದುತ್ತಾ ಅಂತ ಅಳೆದು ತರುತ್ತಿದ್ದರು. ಅದನ್ನೇ ಇಲ್ಲಿ ವೆಟ್ಟಿಂಗ್ ಅಂತಾರೆ. ಈಗಲ್ಟನ್ ಆದ ಮೇಲೆ ಅದು ದೊಡ್ಡ ಕೆಲಸವಾಯಿತು. ಆದಾಯ ತೆರಿಗೆಯ ಕಾಗದ, ವೈದ್ಯರ ವರದಿ, ಹಳೇ ಭಾಷಣ, ಉದ್ದನೆಯ ಪ್ರಶ್ನಾವಳಿ. 1976ರಲ್ಲಿ ಜಿಮ್ಮಿ ಕಾರ್ಟರ್ ಆತುರ ಪಡಲಿಲ್ಲ. ಜಾರ್ಜಿಯಾದ ತನ್ನ ಹಳ್ಳಿ ಪ್ಲೇನ್ಸ್‌ಗೆ ಕರೆಸಿಕೊಂಡು ಮಾತಾಡಿಸಿದ. ನಮ್ಮ ಒಹಾಯೋದ ಗಗನಯಾತ್ರಿ ಜಾನ್ ಗ್ಲೆನ್ ಕೂಡ ಹೋಗಿ ಕೂತು ಬಂದಿದ್ದ. ಆರಿಸಿದ್ದು ಮಾಂಡೇಲ್‌ನನ್ನು. ನಾಲ್ಕು ವರ್ಷದ ಹಿಂದೆ ಬೇಡ ಅಂದಿದ್ದನಲ್ಲ, ಅವನೇ!

ಜೂನ್

ಅಮ್ಮನ ಮಾತಿನಿಂದ ಹೊಸ ಜೋಡಣೆ ಸಿಕ್ಕಿತು. ಬಿಲ್ಲೆಯ ಮೇಲೆ ಎರಡು ಮುಖ. ಅದರ ಹಿಂದೆ ಬಿಟ್ಟುಹೋದ ಮೂರನೇ ಮುಖ ಒಂದಿರುತ್ತೆ: ಬೇಡ ಅಂದವನು, ಅಥವಾ ಅವನು ಬೇಡ ಅಂತ ಬೇರೆಯವರು ಹೇಳಿದವನು. ಪ್ರತಿ ಬಿಲ್ಲೆಯ ಕೆಳಗೆ ಆ ಹೆಸರನ್ನು ಪುಟ್ಟ ಚೀಟಿಯಲ್ಲಿ ಬರೆಯುತ್ತಿದ್ದೀನಿ. ಅದರ ಜೊತೆ, ಯೋಚಿಸಲು ಎಷ್ಟು ಹೊತ್ತು ಸಿಕ್ಕಿತು ಅನ್ನುವುದನ್ನೂ.

1960ರ ಕೆಳಗೆ ಮಿಸೌರಿಯ ಸೆನೆಟರ್ ಸ್ಟುವರ್ಟ್ ಸೈಮಿಂಗ್ಟನ್. ಜೊತೆಗೆ ರಾಬರ್ಟ್ ಕೆನಡಿ ಹೆಸರನ್ನೂ ಬರೆದೆ. ಅಣ್ಣ ಕೊಟ್ಟ ಸ್ಥಾನ ಬೇಡ ಅನ್ನಿ ಅಂತ ಜಾನ್ಸನ್ ಕೋಣೆಗೆ ಹೋಗಿ ಕೇಳಿದವನು ಅವನು. 1980ರ ಕೆಳಗೆ ಜೆರಾಲ್ಡ್ ಫೋರ್ಡ್. ಡೆಟ್ರಾಯ್ಟ್‌ನಲ್ಲಿ ರೇಗನ್ ಮಾಜಿ ಅಧ್ಯಕ್ಷನನ್ನೇ ಉಪಾಧ್ಯಕ್ಷ ಮಾಡಲು ಹೊರಟಿದ್ದ. ಇಬ್ಬರು ಅಧ್ಯಕ್ಷರಾ ಅಂತ ಟಿವಿಯಲ್ಲಿ ಮಾತು ಬಂತು. ರಾತ್ರಿ ಆಗುವಷ್ಟರಲ್ಲಿ ಮುರಿದುಬಿತ್ತು, ಫೋನ್ ಜಾರ್ಜ್ ಬುಷ್‌ಗೆ ಹೋಯಿತು. ಅದೊಂದು ರಾತ್ರಿಯ ಫೋನ್ ಇಲ್ಲದಿದ್ದರೆ 1988ರ ಬುಷ್ ಬಿಲ್ಲೆ ಇರುತ್ತಿತ್ತಾ? ಮಗನ 2000ದ ಬಿಲ್ಲೆ? ನನ್ನ ಪೆಟ್ಟಿಗೆಯಲ್ಲಿ ಎಷ್ಟು ಜಾಗ ಖಾಲಿ ಆಗುತ್ತಿತ್ತು ನೋಡಿ.

2008ರ ಕೆಳಗೆ ಜೋ ಲೀಬರ್‌ಮನ್. ಮೆಕೇನ್ ಮನಸ್ಸಿನಲ್ಲಿದ್ದವನು ಅವನು, ಆದರೆ ಡೆಮಾಕ್ರಟ್ ಕಡೆಯಿಂದ ಬಂದವನನ್ನು ಪಕ್ಷ ಒಪ್ಪುವ ಹಾಗಿರಲಿಲ್ಲ. ಆಗಸ್ಟ್ 28ಕ್ಕೆ ಅರಿಜೋನಾದಲ್ಲಿ ಸಾರಾ ಪೇಲಿನ್ ಜೊತೆ ಮಾತು, 29ಕ್ಕೆ ಇಲ್ಲೇ ಒಹಾಯೋದ ಡೇಟನ್‌ನಲ್ಲಿ ಘೋಷಣೆ.

2000ದ ಚೀಟಿ ಬರೆಯುವಾಗ ನಗು ಬಂತು. ರನ್ನಿಂಗ್ ಮೇಟ್ ಹುಡುಕಿಕೊಡು ಅಂತ ಬುಷ್ ಡಿಕ್ ಚೇನಿಗೆ ಹೇಳಿದ. ಹುಡುಕಿ ಹುಡುಕಿ ಕೊನೆಗೆ ಚೇನಿಯೇ ಆದ. ಗಂಡು ತೋರಿಸಲು ಬಂದ ಬ್ರೋಕರೇ ಹಸೆಮಣೆ ಏರಿದ ಹಾಗೆ. ಅಲ್ಲೂ ಒಂದು ತೊಡಕು. ಇಬ್ಬರೂ ಟೆಕ್ಸಸ್‌ನಲ್ಲೇ ವಾಸ. ಒಂದು ರಾಜ್ಯದ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸಲು ಆ ರಾಜ್ಯದ ಪರವಾಗಿ ಮತ ಹಾಕುವವರು, ತಮ್ಮದೇ ರಾಜ್ಯದ ಇಬ್ಬರಿಗೂ ಮತ ಹಾಕುವ ಹಾಗಿಲ್ಲ ಅಂತ ಸಂವಿಧಾನ ಹೇಳುತ್ತೆ. ಟೆಕ್ಸಸ್‌ಗೆ 32 ಮತ, ಬುಷ್‌ಗೆ ಒಟ್ಟು ಸಿಕ್ಕಿದ್ದು 271, ಗೆಲ್ಲಲು 270 ಬೇಕು. ಚೇನಿ ಜುಲೈಯಲ್ಲೇ ವಯೋಮಿಂಗ್‌ಗೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಬದಲಾಯಿಸಿಕೊಂಡು ಬಂದಿದ್ದ. ಇಲ್ಲದಿದ್ದರೆ ಆ 32 ಅವನ ಕೈ ತಪ್ಪುತ್ತಿತ್ತು.

ನಿಧಾನವಾಗಿ ಆರಿಸಿದರೆ ಒಳ್ಳೆಯವನು ಸಿಗುತ್ತಾನೆ ಅಂತಲೂ ಹೇಳಲಾರೆ. ಟ್ರೂಮನ್ 1944ರಲ್ಲಿ ಬಂದದ್ದು ಎಂಥ ಎಳೆದಾಟದಲ್ಲಿ! ಸಮಾವೇಶದ ಮತದ ಮೊದಲ ಸುತ್ತಿನಲ್ಲಿ ವ್ಯಾಲೆಸ್ ಮುಂದಿದ್ದ. ಉಪಾಧ್ಯಕ್ಷನಾಗಿ ಕೂತ 82ನೇ ದಿನಕ್ಕೆ ರೂಸ್‌ವೆಲ್ಟ್ ತೀರಿಕೊಂಡರು.

ಈ ವಾರ

2024ರ ಎರಡೂ ಸೇರಿದವು. ಟ್ರಂಪ್ ಜೊತೆ ನಿಂತ ವ್ಯಾನ್ಸ್ ನಮ್ಮ ಒಹಾಯೋದ ಮಿಡಲ್‌ಟೌನ್‌ನವನು, ಅವನ ಬಿಲ್ಲೆಗೆ ಇಲ್ಲಿ ಬರವಿಲ್ಲ. ಹ್ಯಾರಿಸ್–ವಾಲ್ಜ್ ಚೀಟಿಯಲ್ಲಿ ಜಾಶ್ ಶಪೀರೊ ಮತ್ತು ಮಾರ್ಕ್ ಕೆಲ್ಲಿ. ಹೊತ್ತು: ಬೈಡನ್ ಹಿಂದೆ ಸರಿದ ಜುಲೈ 21ರಿಂದ ಆಗಸ್ಟ್ 6, ಹದಿನಾರು ದಿನ. 2024ರದ್ದೇ ಬೈಡನ್–ಹ್ಯಾರಿಸ್ ಬಿಲ್ಲೆಯೂ ಒಂದು ಇದೆ. ಈಗಲ್ಟನ್‌ಗೆ ಜಾಗ ಕೊಟ್ಟ ಮೇಲೆ ಇದಕ್ಕೂ ಕೊಡಬೇಕಲ್ವಾ ಅಂತ ಮಗಳು ವಾದಿಸಿದಳು. ಈಗಲ್ಟನ್‌ನನ್ನು ಸಮಾವೇಶ ಆರಿಸಿತ್ತು, ಆ ವರ್ಷ ಬೈಡನ್ ಅಲ್ಲಿಯವರೆಗೆ ಹೋಗಲೇ ಇಲ್ಲ. ಆದ್ದರಿಂದ 45 ಅಂದರೆ 45. ಅವಳು ಒಪ್ಪಿಲ್ಲ.

ಬಾಕಿ 14. ಎಲ್ಲಕ್ಕಿಂತ ಕಷ್ಟ 1944ರ ರೂಸ್‌ವೆಲ್ಟ್–ಟ್ರೂಮನ್, ನನ್ನ ಬಜೆಟ್‌ಗೆ ಇನ್ನೂ ಸಿಕ್ಕಿಲ್ಲ. 1920ರ ಕಾಕ್ಸ್–ರೂಸ್‌ವೆಲ್ಟ್ ಕೇಳಬೇಡಿ. ಆಗ ರೂಸ್‌ವೆಲ್ಟೇ ರನ್ನಿಂಗ್ ಮೇಟ್, ಕಾಕ್ಸ್ ಒಹಾಯೋ ಗವರ್ನರ್. ಆ ಜೋಡಿ ಬಿಲ್ಲೆಗೆ ಹತ್ತಾರು ಸಾವಿರ ಡಾಲರ್ ಆಗುತ್ತೆ. 1940ರಿಂದ ಶುರುಮಾಡಿದ್ದಕ್ಕೆ ಅದೂ ಒಂದು ಕಾರಣ ಅಂತ ಇಟ್ಟುಕೊಳ್ಳಿ.

ಅಮ್ಮ ನಿನ್ನೆ ವಾಪಸ್ ಹೋದರು. ಜಾಸ್ತಿ ಇದ್ದ ಈಗಲ್ಟನ್ ಬಿಲ್ಲೆಯನ್ನು ಕೇಳಿ ತಗೊಂಡು, ಪರ್ಸಿನ ಒಳಗಡೆ ಚುಚ್ಚಿಕೊಂಡಿದ್ದಾರೆ. ಮಚ್ಚೆ ಬಿದ್ದ ಕೀಫಾವರ್ ನನ್ನ ಬಳಿಯೇ ಇದ್ದಾನೆ. ಸ್ಪ್ರಿಂಗ್‌ಫೀಲ್ಡ್‌ನ ಹಳೆ ಸಾಮಾನಿನ ಸಂತೆಗೆ ಹೋದಾಗ ಬದಲಿಗೆ ಒಂದು ಹುಡುಕಬೇಕು.