ಸಾಂತ್ವನ ಕೇಂದ್ರದಲ್ಲಿ ಒಂದು ಮಧ್ಯಾಹ್ನ

ಪರಿಚಯದ ಹೆಣ್ಣುಮಗಳೊಬ್ಬರ ಜೊತೆ ಇಂದು, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೆ ಹೋಗಿದ್ದೆ. ಏಟು ಬಿದ್ದ ದಿನವನ್ನು ಊರ ಜಾತ್ರೆಯ ಲೆಕ್ಕದಲ್ಲಷ್ಟೇ ನೆನಪಿಟ್ಟುಕೊಂಡಿದ್ದ ಆಕೆಯೊಂದಿಗೆ ಕ್ಯಾಲೆಂಡರ್ ತಿರುವಿ ಹಾಕಿ, ದಿನಾಂಕ, ಗಾಯದ ಗುರುತು, ಕಿತ್ತುಕೊಂಡ ಒಡವೆಗಳ ವಿವರವನ್ನು ಅಲ್ಲಿನ ಸಮಾಜ ಕಾರ್ಯಕರ್ತೆ ಒಂದೊಂದಾಗಿ ಬರೆದುಕೊಂಡರು. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಕೊಟ್ಟಿದೆ ಎಂಬುದು ಆಕೆಗೆ ತಿಳಿದದ್ದೇ ಅವರಿಂದ. ರಾಜಿ ಮಾಡಿಸಿ ಕಳಿಸುವುದನ್ನೇ ಆಪ್ತಸಮಾಲೋಚನೆ ಎಂದು ನಂಬಿದವರೂ ಇದ್ದಾರೆ. ಅದನ್ನು ನಾನು ಒಪ್ಪಲಾರೆ. ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ’ ಎಂದು ತವರಿನವರೇ ಹೇಳುವಾಗ, ನಿರ್ಧಾರ ನಿಮ್ಮದು, ನಾವು ಜೊತೆಗಿರುತ್ತೇವೆ ಎನ್ನುವವರು ಒಬ್ಬರಾದರೂ ಬೇಕು. ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಿಗೆ ನೊಂದವರೊಡನೆ ಅಲೆಯುವ ಈ ಕಾರ್ಯಕರ್ತೆಯರನ್ನು ಗೌರವಧನದಲ್ಲೇ ಇರಿಸುವುದು ಸರಿಯಲ್ಲ. ಅವರಿಗೆ ಕಾಯಂ ಹುದ್ದೆ, ತಕ್ಕ ಸಂಬಳ ಸಿಗಲೇಬೇಕು.