"ನಾನು ಮುಟ್ಟಿಲ್ಲ ಕಣೋ"

ಈ ವಾರವಿಡೀ ಕಿವಿಯಲ್ಲಿ ಇದೊಂದೇ ಮಾತು. "ನಾನು ಮುಟ್ಟಿಲ್ಲ ಕಣೋ." ಒಂದೂವರೆ ತಿಂಗಳಲ್ಲಿ ಅಮ್ಮ ಇದನ್ನು ಐದಾರು ಸಲವಾದರೂ ಹೇಳಿದ್ದಾಳೆ. ಪ್ರತಿ ಸಲವೂ ನಾನು ಕೊಟ್ಟ ಉತ್ತರ, "ಮತ್ತೆ ಡಿಸ್ಕ್ ತಾನಾಗಿ ಹೋಗುತ್ತೇನಮ್ಮ?"

ತಾನಾಗಿಯೇ ಹೋಗುತ್ತಿತ್ತು. ಅದು ನನಗೆ ಗೊತ್ತಾಗಿದ್ದು ಸೋಮವಾರ ರಾತ್ರಿ.

ಅಪ್ಪ ಬರೆದ ಪತ್ರಗಳನ್ನೂ ಹಳೆಯ ಫೋಟೊಗಳನ್ನೂ ಅಮ್ಮ ಒಂದೊಂದಾಗಿ ಸ್ಕ್ಯಾನ್ ಮಾಡಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದಾಳೆ. ಕಲಿಸಿದವನು ನಾನೇ. ಕೆಲಸ ಮುಗಿದ ಕೂಡಲೇ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕು, ಸುಮ್ಮನೆ ಓಡುವುದು ಬೇಡ ಅಂತ ಹೇಳಿಕೊಟ್ಟವನೂ ನಾನೇ. ಬೆಳಗ್ಗೆ ಅವಳು ಅದನ್ನು ಎಬ್ಬಿಸಿದರೆ ಪರದೆಯ ಮೂಲೆಯಲ್ಲಿ ಒಂದು ಸಂದೇಶ ಕಾದಿರುತ್ತಿತ್ತು: ಡಿಸ್ಕನ್ನು ಎಜೆಕ್ಟ್ ಮಾಡದೆ, ಅಂದರೆ ಕಂಪ್ಯೂಟರಿಗೆ ಮೊದಲು ಹೇಳದೆ, ತೆಗೆಯಲಾಗಿದೆ. ಇದನ್ನು ಓದಿದವರಿಗೆ ಯಾರೋ ವೈರ್ ಕಿತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಆ ಮೇಜಿನ ಹತ್ತಿರ ಹೋಗುವವಳು ಅಮ್ಮ ಒಬ್ಬಳೇ. ನಾನು ಪರದೆಯ ಮಾತನ್ನು ನಂಬಿದೆ.

ಭಾನುವಾರ ಒಂದು ಪತ್ರ ಅರ್ಧ ಮಾತ್ರ ತೆರೆಯಿತು. ಮೇಲೆ ಆರು ಸಾಲು ಅಪ್ಪನ ಅಕ್ಷರ, ಎಡಕ್ಕೆ ವಾಲಿದ ಅದೇ ಬರವಣಿಗೆ. ಏಳನೆಯ ಸಾಲಿನ ನಡುವೆ ಕತ್ತರಿಸಿದ ಹಾಗೆ ನಿಂತು, ಕೆಳಗೆ ಪುಟದ ಕೊನೆಯವರೆಗೂ ಬೂದು ಬಣ್ಣ. ನನಗೆ ಸಿಟ್ಟು ಬಂತು. ಅಮ್ಮ, "ಕಾಗದ ಇದೆಯಲ್ಲ, ಇನ್ನೊಂದು ಸಲ ಮಾಡ್ತೀನಿ ಬಿಡು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆ, "ಆದರೆ ನಾನು ಮುಟ್ಟಿಲ್ಲ ಕಣೋ" ಅಂದಳು.

ಡಿಸ್ಕ್ ಕೂರುವ ಕೇಸ್ ಮಾರಿದ ಕಂಪನಿಗೆ ಸೋಮವಾರ ಫೋನ್ ಮಾಡಿದೆ. ಆ ಕಡೆಯ ಹುಡುಗ ನನ್ನ ಮಾತು ಪೂರ್ತಿ ಕೇಳಲೂ ಇಲ್ಲ. "ಯಾರೋ ಕೇಬಲ್ ಎಳೆದಿರ್ತಾರೆ ಸರ್, ಹಾಗಾದಾಗಲೇ ಆ ಮೆಸೇಜ್ ಬರೋದು" ಅಂದ. ಯಾವ ಪೋರ್ಟಿಗೆ ಹಾಕಿದ್ದೀರಿ, ಯಾವ ಹೊತ್ತಿಗೆ ಆಗುತ್ತೆ, ಒಂದು ಪ್ರಶ್ನೆಯೂ ಇಲ್ಲ. ನೋಡದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಫೋನ್ ಇಟ್ಟ ಮೇಲೆ ಎದೆ ಧಸಕ್ಕೆಂದಿತು. ಅವನು ಹೇಳಿದ್ದು ಅಕ್ಷರಶಃ ನನ್ನದೇ ಮಾತು. ನಾನೂ ಅಮ್ಮನಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಅವತ್ತು ರಾತ್ರಿ ಲಾಗ್ ತೆಗೆದು ಕೂತೆ. ಕಂಪ್ಯೂಟರ್ ಯಾವಾಗ ಮಲಗಿತು, ಯಾವಾಗ ಎದ್ದಿತು, ಯಾವ ಸಾಧನ ಬಂತು, ಯಾವುದು ಹೋಯಿತು ಎನ್ನುವುದೆಲ್ಲ ಅಲ್ಲಿ ಗಂಟೆ ನಿಮಿಷದ ಸಮೇತ ದಾಖಲಾಗಿರುತ್ತದೆ. ವಿಂಡೋಸ್ ಇರುವವರು ಇವೆಂಟ್ ವ್ಯೂವರ್ ತೆರೆದರೆ ಸಿಗುತ್ತದೆ. ಮ್ಯಾಕ್ ಇರುವವರು ಟರ್ಮಿನಲ್‌ನಲ್ಲಿ ಪಿಎಂಸೆಟ್ ಎನ್ನುವ ಕಮ್ಯಾಂಡಿನಿಂದ ನಿದ್ದೆ, ಎಚ್ಚರಗಳ ಪಟ್ಟಿ ನೋಡಬಹುದು. ನಮ್ಮ ಲಾಗ್‌ನಲ್ಲಿ ಡಿಸ್ಕ್ ಕಾಣೆಯಾದ ಸಮಯ ಬೆಳಗಿನ ಜಾವ 2:17. ಅದರ ಹಿಂದಿನ ಸಲ 2:09. ಅಮ್ಮ ಹತ್ತಕ್ಕೆಲ್ಲ ಮಲಗುತ್ತಾಳೆ.

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಗುತ್ತಿದ್ದುದು ಇಷ್ಟು. ಸ್ಲೀಪ್‌ಗೆ ಹಾಕಿದ ಮಾತ್ರಕ್ಕೆ ಕಂಪ್ಯೂಟರ್ ರಾತ್ರಿಯಿಡೀ ಮಲಗಿರುವುದಿಲ್ಲ. ಅಪ್‌ಡೇಟ್, ಬ್ಯಾಕಪ್ ಅಂತ ನಡುವೆ ತಾನೇ ಎದ್ದು ಮತ್ತೆ ಮಲಗುತ್ತದೆ. ಅದು ಮಲಗುವಾಗ ಯುಎಸ್‌ಬಿಗೆ ಸಿಕ್ಕಿಸಿದ ಸಾಧನಗಳಿಗೂ ಸಸ್ಪೆಂಡ್ ಆಗಲು, ಅಂದರೆ ಅರೆನಿದ್ದೆಗೆ ಜಾರಲು, ಸೂಚನೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಒಂದು ಸಾಧನ ಎಳೆದುಕೊಳ್ಳಬಹುದಾದ ಕರೆಂಟ್ ಹೆಚ್ಚೆಂದರೆ 2.5 ಮಿಲಿ ಆಂಪಿಯರ್. ಹಾರ್ಡ್ ಡಿಸ್ಕಿನ ತಟ್ಟೆ ತಿರುಗಲು ಅದು ಎಲ್ಲಿಗೂ ಸಾಲದು, ಹಾಗಾಗಿ ನಿಂತುಬಿಡುತ್ತದೆ. ಕಂಪ್ಯೂಟರ್ ಎದ್ದು ಕರೆದಾಗ ಕೇಸಿನೊಳಗೆ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಚಿಕ್ಕ ಬೋರ್ಡ್ ಓಗೊಡಬೇಕು, ತಟ್ಟೆ ನಿಮಿಷಕ್ಕೆ 5400 ಸುತ್ತಿನ ವೇಗಕ್ಕೆ ಏರಬೇಕು. ಅದಕ್ಕೆ ಕೆಲವು ಸೆಕೆಂಡು ಬೇಕು. ಕೆಲವು ಬೋರ್ಡ್‌ಗಳು ಆ ಕರೆಗೆ ಓಗೊಡುವುದೇ ಇಲ್ಲ. ಹೊಸದಾಗಿ ಸಿಕ್ಕಿಸಿದ ಸಾಧನದ ಹಾಗೆ ಮೊದಲಿಂದ ತಮ್ಮ ಗುರುತು ಹೇಳುತ್ತವೆ. ಕಂಪ್ಯೂಟರಿಗೆ ಗೊತ್ತಾಗುವುದು ಹಳೆಯ ಡಿಸ್ಕ್ ಇಲ್ಲ ಅನ್ನುವುದಷ್ಟೇ. ಕೈಯಿಂದ ಕಿತ್ತರೂ ಅದಕ್ಕೆ ಕಾಣುವುದು ಅದೇ, ಬೋರ್ಡ್ ಕೈಕೊಟ್ಟರೂ ಕಾಣುವುದು ಅದೇ. ಸಂದೇಶ ಮಾತ್ರ ಒಂದೇ, ಮನುಷ್ಯರ ಕಡೆ ಬೆರಳು ತೋರಿಸುವಂಥದ್ದು. 'ಡಿಸ್ಕಿನ ಸಂಪರ್ಕ ತಪ್ಪಿದೆ' ಅಂತ ಬರೆದಿದ್ದರೆ ಏನು ಹೋಗುತ್ತಿತ್ತು? ಒಂದೇ ಒಂದು ಕ್ರಿಯಾಪದ ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಕೆಲಸ ಮಾಡಿತು.

ಅರ್ಧ ಪತ್ರದ ಕಾರಣವೂ ಇದೇ ಅನ್ನಿಸುತ್ತದೆ. ಫೈಲ್ ಉಳಿಸಿದೆ ಅಂತ ಕಂಪ್ಯೂಟರ್ ಹೇಳಿದರೂ ಅದರ ಒಂದು ಪಾಲು ಇನ್ನೂ ಮೆಮೊರಿಯಲ್ಲೇ ಉಳಿದಿರಬಹುದು. ಬರೆದು ಮುಗಿಯುವ ಮೊದಲೇ ಡಿಸ್ಕ್ ಹೋದರೆ ಬರೆದಷ್ಟು ದಕ್ಕಿತು, ಉಳಿದದ್ದು ಬೂದು. ನಮ್ಮ ಡಿಸ್ಕ್ ಎಕ್ಸ್‌ಫ್ಯಾಟ್ ಎನ್ನುವ, ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಯಲ್ಲಿತ್ತು. ಎಲ್ಲ ಕಂಪ್ಯೂಟರಿಗೂ ಆಗುತ್ತದೆ ಅಂತ ನಾನೇ ಹಾಗೆ ಫಾರ್ಮ್ಯಾಟ್ ಮಾಡಿದ್ದೆ. ಅದರಲ್ಲಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿರುವಂಥ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ, ಇಲ್ಲ, ಹೀಗೆ ನಡುವೆ ನಿಂತಾಗ ಹೆಚ್ಚು ಪೆಟ್ಟು ತಿನ್ನುತ್ತದೆ.

ಮಂಗಳವಾರ, ಬುಧವಾರ ಇದೇ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಹಬ್, ಅಂದರೆ ಒಂದೇ ಪೋರ್ಟಿಗೆ ಹಲವು ಸಾಧನ ಸಿಕ್ಕಿಸುವ ಪೆಟ್ಟಿಗೆ. ಸ್ಕ್ಯಾನರ್, ಕೀಬೋರ್ಡ್, ಡಿಸ್ಕ್ ಮೂರೂ ತನ್ನದೇ ಅಡಾಪ್ಟರ್ ಇಲ್ಲದ ಒಂದೇ ಹಬ್‌ನಲ್ಲಿದ್ದವು. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿ ಆಂಪಿಯರ್, ಯುಎಸ್‌ಬಿ 3 ಆದರೆ 900. ಅಷ್ಟನ್ನೇ ಮೂವರು ಹಂಚಿಕೊಳ್ಳಬೇಕು, ಅದರಲ್ಲಿ ಡಿಸ್ಕಿಗೆ ತಟ್ಟೆ ತಿರುಗಲು ಶುರುವಾಗುವ ಹೊತ್ತಿಗೇ ಹೆಚ್ಚು ಬೇಕು. ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಹಾಕಿದೆ. ಎದ್ದಾಗ ಮತ್ತೆ ಮಾಯ. ಕೇಬಲ್ ಬದಲಿಸಿದೆ, ಮಾಯ. ಹಾರ್ಡ್ ಡಿಸ್ಕನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ತೆಗೆದೆ, ಆಗಲೂ ಅದೇ ಕಥೆ. (ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್ ಒಳಗಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ, ಡಿವೈಸ್ ಮ್ಯಾನೇಜರ್‌ನಲ್ಲಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟಿಕ್ಕನ್ನೂ ತೆಗೆದು ನೋಡಬೇಕು. ಎಷ್ಟೋ ಜನರಿಗೆ ಅಷ್ಟಕ್ಕೇ ಸರಿಹೋಗುತ್ತದೆ.)

ಬುಧವಾರ ರಾತ್ರಿ ಪರದೆ ಮಾತ್ರ ಆರುವ ಹಾಗೆ ಮಾಡಿ ಕಂಪ್ಯೂಟರನ್ನು ಎಚ್ಚರವಾಗಿ ಬಿಟ್ಟೆ. ಬೆಳಗ್ಗೆ ಡಿಸ್ಕ್ ಇತ್ತು. ಆಮೇಲೆ ಗೆಳೆಯನೊಬ್ಬನ ಕೇಸ್ ತಂದು ಅದೇ ಡಿಸ್ಕನ್ನು ಅದರಲ್ಲಿ ಕೂರಿಸಿ ಹತ್ತು ಸಲ ಮಲಗಿಸಿ ಎಬ್ಬಿಸಿದೆ. ಹತ್ತು ಸಲವೂ ಇತ್ತು. ಡಿಸ್ಕಿನದಲ್ಲ, ಕೇಬಲ್ಲಿನದಲ್ಲ, ಅಮ್ಮನದಂತೂ ಅಲ್ಲ, ಬೆರಳಗಲದ ಬೋರ್ಡಿನದು.

ಹಳೆಯ ಕೇಸ್‌ನಲ್ಲಿದ್ದಾಗ ಡಿಸ್ಕ್ ಒಮ್ಮೊಮ್ಮೆ ಟಕ್ ಅನ್ನುತ್ತಿತ್ತು. ಕರೆಂಟ್ ಥಟ್ಟನೆ ಹೋದಾಗ ತಟ್ಟೆ ಇನ್ನೂ ತಿರುಗುತ್ತಿರುವ ವೇಗದಿಂದಲೇ ಮೋಟಾರ್ ಚೂರು ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತಿನಲ್ಲಿ ಓದುವ ಹೆಡ್ ತಟ್ಟೆಗೆ ತಾಗದಂತೆ ತನ್ನ ಜಾಗಕ್ಕೆ ಸೇರಿಕೊಳ್ಳುತ್ತದೆ. ಒಳಗಿದ್ದುದನ್ನು ಉಳಿಸಲು ಡಿಸ್ಕ್ ಮಾಡುವ ಕೊನೆಯ ಪ್ರಯತ್ನ ಅದು. ಆ ಟಕ್ ಕೇಳಿದಾಗಲೆಲ್ಲ ನಾನು ಅಮ್ಮನ ಮೇಲೆ ರೇಗಿದ್ದೆ, "ಏನು ಮಾಡಿದೆ?" ಅಂತ.

ಗುರುವಾರ ಅವಳ ಮೇಜು ಒರೆಸುವಾಗ ಅವಳ ಪಟ್ಟಿಯ ಪುಸ್ತಕ ಸಿಕ್ಕಿತು. ಪ್ರತಿ ದಿನ ಯಾವ ಪತ್ರ, ಯಾವ ತಾರೀಖಿನದು, ಎಷ್ಟು ಪುಟ ಅಂತ ಬರೆದಿಡುತ್ತಾಳೆ. ಮೂರು ವಾರದ ಹಿಂದಿನಿಂದ ಪ್ರತಿ ದಿನದ ಕೊನೆಗೆ ಇನ್ನೊಂದು ಸಾಲು ಸೇರಿಕೊಂಡಿದೆ: "ಮುಗಿಸಿ ಎದ್ದದ್ದು ಆರೂವರೆ. ವೈರ್ ಮುಟ್ಟಿಲ್ಲ." ಮರುದಿನ: "ಏಳು ಗಂಟೆ. ವೈರ್ ಮುಟ್ಟಿಲ್ಲ." ಹೀಗೆ ಹದಿನಾಲ್ಕು ಕಡೆ. ಒಂದು ಕಡೆ 'ಮುಟ್ಟಿಲ್ಲ'ದ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಯಾರಿಗೂ ತೋರಿಸಿಲ್ಲ. ತನಗೇ ಅನುಮಾನ ಬರಬಾರದು ಅಂತ ಬರೆದುಕೊಂಡಿರಬೇಕು. ಕಂಪ್ಯೂಟರಿನ ಲಾಗ್ ನೋಡಿ ನಂಬಿದವನು ನಾನು. ಅವಳ ಲಾಗ್ ಕೈಯಳತೆಯಲ್ಲೇ ಇತ್ತು.

ಅಮ್ಮನ ಪಕ್ಕ ಕೂತು ಎಲ್ಲ ಹೇಳಿದೆ. 2:17 ತೋರಿಸಿದೆ. ತಪ್ಪಾಯಿತಮ್ಮ ಅಂದೆ. ಅವಳು ಕನ್ನಡಕ ಹಾಕಿಕೊಂಡು ಆ ಸಾಲನ್ನು ನಿಧಾನವಾಗಿ ಓದಿದಳು. "ಪಾಪ, ಅದಕ್ಕೂ ನಿದ್ದೆಯಿಂದ ಏಳೋಕೆ ಕಷ್ಟ ಆಗ್ತಿತ್ತಾ?" ಅಂದಳು. ನನ್ನ ಮೇಲೆ ಒಂದು ಮಾತೂ ಇಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಡಿಸ್ಕಿನಲ್ಲಿರುವುದನ್ನೆಲ್ಲ ಇನ್ನೊಂದು ಡಿಸ್ಕಿಗೂ ಹಾಕಿದ್ದೇನೆ. ಎದ್ದು ಹೋಗುವ ಮೊದಲು ಎಜೆಕ್ಟ್ ಮಾಡುವುದನ್ನು ಅವಳಿಗೆ ತೋರಿಸಿಕೊಟ್ಟೆ. ಆದರೆ ನಿನ್ನೆಯವರೆಗೂ ಅವಳು ವೈರ್ ಹತ್ತಿರ ಕೈ ಒಯ್ದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. "ಮುಟ್ಟಮ್ಮ, ಏನೂ ಆಗಲ್ಲ" ಅಂತ ನಾನು ಎರಡು ಸಲ ಹೇಳಬೇಕಾಯಿತು.

ಇವತ್ತು ಬೆಳಗ್ಗೆ ಆ ಅರ್ಧ ಪತ್ರವನ್ನು ಮತ್ತೆ ಸ್ಕ್ಯಾನ್ ಮಾಡಿದ್ದಾಳೆ. ಪುಸ್ತಕದಲ್ಲಿ ಅದರ ಮುಂದೆ ಬರೆದಿರುವುದು: "ಪೂರ್ತಿ ಬಂತು. ವೈರ್ ನಾನೇ ತೆಗೆದೆ."